ಲ್ಯಾಂಚೆಸ್ಟರಿನ ಹಿಡಿಕೆ

ಭಾನುವಾರ ಗಡ್ಡ ತೆಗೆಯುವ ರೂಢಿ ಶಿವಪುತ್ರನಿಗೆ ಇರಲಿಲ್ಲ. ಗೋಕಾಕದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಅವನದು. ವಾರವಿಡೀ ಗಿರಾಕಿಗಳ ಮುಂದೆ ಕುಳಿತವನು ಭಾನುವಾರ ಬಂತೆಂದರೆ ಲುಂಗಿ ಸುತ್ತಿಕೊಂಡು ಮುಖ ತೊಳೆಯುವುದಕ್ಕೂ ಆಲಸ್ಯ ಮಾಡುತ್ತಿದ್ದ. ಅಂಥವನು ಆ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗದ್ದವನ್ನು ಸವರಿ ಸವರಿ ನೋಡಿಕೊಳ್ಳುವುದನ್ನು ಕಂಡು ಹೆಂಡತಿ ಸರಿತಾ ಒಲೆಯ ಮೇಲಿನ ಹಾಲನ್ನು ಮರೆತಳು.

"ಎಲ್ಲೆ ಹೊಂಟೀರಿ?"

"ಎಲ್ಲೂ ಇಲ್ಲ. ಹುಕ್ಕೇರಿಯಿಂದ ಅವರು ಬರಾಕತ್ತಾರ, ಗಾಡಿ ನೋಡಾಕ."

"ಅವರು ಅಂದ್ರ ಯಾರು?"

"ಅದ, ನೇತ್ರಾ ಅವರು. ಹೇಳಿದ್ನೆಲ್ಲಾ."

ಹೇಳಿದ್ದ. ಹೇಳಿದ ರೀತಿಯೇ ಸರಿತಾಳಿಗೆ ನೆನಪಿತ್ತು. ಆ ಹೆಸರು ಬಂದಾಗ ಅವನ ಮಾತು ಒಂದು ಮೆಟ್ಟಿಲು ಕೆಳಗಿಳಿದು ಮೆತ್ತಗಾಗುತ್ತಿತ್ತು. ಹಾಲು ಉಕ್ಕಿ ಒಲೆ ಆರಿತು.

ಗಾಡಿ ಮನೆಗೆ ಬಂದದ್ದು ಬೇಸಿಗೆಯಲ್ಲಿ. ಧುಪದಾಳದ ಆಚೆಯ ಒಂದು ಹಳೆಯ ವಾಡೆಯವರು ಗೋಡೆ ಕೆಡವಿಸುವಾಗ ಹಿಂದಿನ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲಗಳ ಕೆಳಗೆ ಒಂದು ಕಾರು ಸಿಕ್ಕಿತ್ತು. ವಾಡೆಯ ಬಾವಿ ಮೋಟಾರು ದುರಸ್ತಿಗೆ ಹೋಗಿದ್ದ ಶಿವಪುತ್ರ ಅದನ್ನು ನೋಡಿದವನೇ ಊಟ ಬಿಟ್ಟು ಅಲ್ಲೇ ಕುಳಿತನಂತೆ. ಸ್ವಾತಂತ್ರ್ಯಕ್ಕೂ ಮೊದಲು ವಿಲಾಯತಿಯಿಂದ ಬಂದ ಲ್ಯಾಂಚೆಸ್ಟರ್. ಆ ಹೆಸರನ್ನು ಸರಿತಾ ಕೇಳಿರಲೂ ಇಲ್ಲ. ವಾಡೆಯವರಿಂದ ಕೊಂಡು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಾಗ ಅದಕ್ಕೆ ಬಣ್ಣ ಇರಲಿಲ್ಲ, ಸೀಟುಗಳನ್ನು ಇಲಿ ತಿಂದಿದ್ದವು, ಒಂದು ಹೆಡ್‌ಲೈಟ್ ಇರಲಿಲ್ಲ, ಇನ್ನೊಂದು ಯಾವುದೋ ಲಾರಿಯದು. ಮಗಳು ಪೂನಮ್ ಬೆಳಗಾವಿಯ ಹಾಸ್ಟೆಲ್ ಸೇರಿದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಗಂಡನ ಮನಸ್ಸಿಗೆ ಏನಾದರೊಂದು ಹಿಡಿದುಕೊಳ್ಳಲು ಸಿಕ್ಕಿತಲ್ಲ ಎಂದು ಸರಿತಾ ಸುಮ್ಮನಿದ್ದಳು. ಹಿತ್ತಲಿನ ತಗಡಿನ ಶೆಡ್ಡಿಗೆ ತಾನೇ ನಿಂತು ದೀಪ ಹಾಕಿಸಿಕೊಟ್ಟಳು.

ಹಳೆಯ ಗಾಡಿ ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಅವನು ಫೋಟೋ ಹಾಕಿದ ದಿನವೇ ನೇತ್ರಾಳ ಫೋನ್ ಬಂದಿತ್ತು. ಆಕೆ ಹುಕ್ಕೇರಿಯಲ್ಲಿ ಹೈಸ್ಕೂಲಿನ ಗಣಿತ ಶಿಕ್ಷಕಿ. ತಂದೆ ಅಣ್ಣಾಸಾಹೇಬ ಆ ಊರಿನಲ್ಲಿ ಹೆಸರುವಾಸಿ ಮೋಟಾರು ಮೆಕ್ಯಾನಿಕ್ ಆಗಿದ್ದವರು, ಈಗಿಲ್ಲ. ಮದುವೆ ಮುರಿದು ತವರಿಗೆ ಬಂದು ಬಹಳ ವರ್ಷಗಳಾಗಿವೆ, ತಾಯಿಯ ಜೊತೆ ಇದ್ದಾಳೆ. ಇಷ್ಟನ್ನು ಸರಿತಾ ಗಂಡನ ಬಾಯಿಂದ ಒಂದೊಂದಾಗಿ ಹೊರಡಿಸಿಕೊಂಡಿದ್ದಳು. ಮದುವೆ ಮುರಿದ ಸಂಗತಿಯನ್ನು ಅವನು ಕೊನೆಗೆ ಹೇಳಿದ್ದ.

ನೇತ್ರಾ ಸ್ಕೂಟಿಯ ಮೇಲೆ ಬಂದಳು. ನೋಡಲು ಬಹಳ ಚೆಲುವೆ ಏನಲ್ಲ ಎಂದು ಬಾಗಿಲಲ್ಲೇ ಅಂದುಕೊಂಡ ಸರಿತಾಳಿಗೆ ಅರ್ಧ ಗಳಿಗೆಯ ಸಮಾಧಾನವೂ ಉಳಿಯಲಿಲ್ಲ. ನೇತ್ರಾ ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಗೋಣಿಚೀಲ ಹಾಸಿಕೊಂಡು, ಯಾರನ್ನೂ ಕೇಳದೆ ಗಾಡಿಯ ಕೆಳಗೆ ಅಂಗಾತ ಮಲಗಿಬಿಟ್ಟಳು. ಶಿವಪುತ್ರನೂ ಬಾಜೂಕ್ಕೆ ಮಲಗಿದ. ಸರಿತಾಳಿಗೆ ಕಾಣುತ್ತಿದ್ದದ್ದು ನಾಲ್ಕು ಪಾದಗಳು ಮಾತ್ರ. ಒಳಗಿನಿಂದ ಮಾತು ಕೇಳುತ್ತಿತ್ತು. ಅವಳು ಅರ್ಧ ಹೇಳಿದ್ದನ್ನು ಇವನು ಮುಗಿಸುತ್ತಿದ್ದ, ಇವನು ತಡವರಿಸಿದಲ್ಲಿ ಅವಳು ಶಬ್ದ ಕೊಡುತ್ತಿದ್ದಳು. ಈ ಮನುಷ್ಯನಿಗೆ ಇಷ್ಟು ಮಾತು ಬರುತ್ತದೆಂದು ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತೇ ಇರಲಿಲ್ಲ.

ಚಹಾ ತಂದಾಗ ನೇತ್ರಾ ಎದ್ದು ಕೂತು ಕೈ ಒರೆಸಿಕೊಂಡಳು. "ವೈನಿ, ನೀವೂ ಬರ್ರಿ ಇಲ್ಲೆ. ನೋಡ್ರಿ, ಈ ಗಾಡೀಗೆ ಕ್ಲಚ್ ಇಲ್ಲ. ಸ್ಟೇರಿಂಗ್ ಬುಡಕ ಒಂದ ಹಿಡಿಕಿ ಇರ್ತೈತಿ, ಅದರ ಕೆಳಗ ಅಂಕಿ ಕೊರದ ಹಿತ್ತಾಳಿ ತಟ್ಟಿ. ಯಾವ ಗೇರ ಬೇಕೋ ಅದರ ಮ್ಯಾಲ ಮೊದಲ ಹಿಡಿಕಿ ಇಟ್ಕೊಳ್ಳೂದು. ಇದರಾಗ ಅದ ಇಲ್ಲ. ಅದೊಂದ ಇಲ್ಲಂದ್ರ ಈ ಗಾಡಿ..."

ಸರಿತಾ ತಟ್ಟೆ ಇಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಆಕಿಗೇನ ತಿಳೀತೈತಿ ಅದು, ಬಿಡ್ರಿ," ಎಂದ ಶಿವಪುತ್ರ ನಗುತ್ತ. "ಸರಿತಾ, ಇನ್ನೊಂದ ಸ್ವಲ್ಪ ಸಕ್ರಿ ತಗೊಂಬಾ."

ಸಕ್ಕರೆ ತರಲು ಒಳಗೆ ಹೋದವಳು ಡಬ್ಬಿಯ ಮುಚ್ಚಳ ತೆಗೆದಳು. ಅವಳಿಗೆ ಇನ್ನೊಂದು ಹೊಳೆದಿತ್ತು. ತನ್ನನ್ನು ವೈನಿ, ಅತ್ತಿಗೆ ಎಂದು ಕರೆಯುವವಳು ಅವನನ್ನು ಅಣ್ಣಾ ಎನ್ನಬೇಕಷ್ಟೆ? ಅವಳು ಅನ್ನುತ್ತಿದ್ದದ್ದು 'ಶಿವಪುತ್ರ ಅವರ' ಎಂದು.

ಆಮೇಲಿನ ದಿನಗಳಲ್ಲಿ ಸರಿತಾ ತಾನು ಮಾಡುತ್ತೇನೆಂದು ಯಾವತ್ತೂ ಎಣಿಸದ ಕೆಲಸಗಳನ್ನು ಮಾಡಿದಳು. ಅವನು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದಳು. ಅದರಲ್ಲಿ ನಟ್ಟು, ಬೋಲ್ಟು, ಸ್ಪ್ರಿಂಗು, ತುಕ್ಕು ಹಿಡಿದ ತಗಡಿನ ಫೋಟೋಗಳು. ಹೆಡ್‌ಲೈಟ್ ಪುಣೆಯಲ್ಲಿ ಒಬ್ಬರ ಹತ್ತಿರ ಇದೆ, ಗಾಜಿನ ಗೆರೆಗಳನ್ನು ನೋಡಿ ತೆಗೆದುಕೊಳ್ಳಿ ಎಂಬ ಎಚ್ಚರಿಕೆ. ಹಿಡಿಕೆಗಾಗಿ ಇಬ್ಬರೂ ಮುಂಬೈ, ಕೊಲ್ಲಾಪುರ, ಹೈದರಾಬಾದಿನವರೆಗೆ ವಿಚಾರಿಸಿದ್ದರು. ಹಿಡಿದು ಜಗಳ ಮಾಡಲು ಒಂದು ಕೆಟ್ಟ ಮಾತೂ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಕೂಗಾಡಿ ಹಗುರಾಗಬಹುದಿತ್ತು. ಒಂದು ಕಡೆ ಮಾತ್ರ, ಯಾವುದೋ ಸ್ಕ್ರೂವಿನ ಅಳತೆಯ ಕೆಳಗೆ, ನೇತ್ರಾ ಬರೆದಿದ್ದಳು: 'ಊಟ ಆತ್ರಿ?' ಅದಕ್ಕೆ ಅವನ ಉತ್ತರ: 'ಈಗ ಮಾಡ್ತೇನ್ರಿ.' ಆ ಹೊತ್ತಿನಲ್ಲಿ ತಾನು ಎರಡು ಸಲ ಊಟಕ್ಕೆ ಕರೆದದ್ದೂ, ಅವನು ಓಗೊಡದೆ ಇದ್ದದ್ದೂ, ಆಮೇಲೆ ಒಮ್ಮೆಲೇ ಬಂದು ತಾಟಿನ ಮುಂದೆ ಕೂತದ್ದೂ ಸರಿತಾಳಿಗೆ ನೆನಪಾಯಿತು. ಹೊಟ್ಟೆಯೊಳಗೆ ಯಾರೋ ಕೆಂಡ ಇಟ್ಟಂತಾಯಿತು.

ಬೈದರೆ ತಾನು ಸಣ್ಣವಳಾಗುತ್ತೇನೆ. ಅತ್ತರೆ ಅವನು 'ಗಾಡಿ ವಿಷಯ ಅಷ್ಟ' ಎನ್ನುತ್ತಾನೆ. ಹಾಗಾದರೆ ಮಾಡುವುದೇನು? ಆ ಹಿಡಿಕೆ ಸಿಕ್ಕರೆ ಫೋನು ನಿಲ್ಲುತ್ತದೆ ಎಂದು ಅವಳಿಗನ್ನಿಸಿತು. ಅದನ್ನು ತಾನೇ ಹುಡುಕಿ ತಂದು ಮುಂದಿಟ್ಟರೆ? ಅವನ ಮುಖ ಹೇಗಾಗುತ್ತದೆ ಎಂದು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಊಹಿಸಿಕೊಂಡಳು. ಊಹೆಯಲ್ಲಿ ಆ ಮುಖ ಬಹಳ ಚೆನ್ನಾಗಿತ್ತು.

ಸರಿತಾ ದಿನವೂ ಬಸ್ಸಿನಲ್ಲಿ ಅರಭಾವಿಗೆ ಹೋಗುತ್ತಿದ್ದಳು. ಅಲ್ಲಿನ ತೋಟಗಾರಿಕೆ ಕಾಲೇಜಿನ ನರ್ಸರಿಯಲ್ಲಿ ಕಸಿ ಕಟ್ಟುವುದು, ಬಂದವರಿಗೆ ಸಸಿ ಕೊಡುವುದು ಅವಳ ಕೆಲಸ. ಸುತ್ತಲಿನ ಎಲ್ಲ ಊರುಗಳ ಜನ ಅಲ್ಲಿಗೆ ಬರುತ್ತಾರೆ. ಗಂಡನ ಫೋನಿನಿಂದ ಹಿಡಿಕೆಯ ಚಿತ್ರವನ್ನು ತನ್ನ ಫೋನಿಗೆ ಕಳಿಸಿಕೊಂಡಳು. ಒಂದು ಅರ್ಧಚಂದ್ರಾಕಾರದ ತಟ್ಟೆ, ಅದರ ಮೇಲೆ ಇಂಗ್ಲಿಷಿನ ಎರಡು ಅಕ್ಷರ, ಒಂದರಿಂದ ನಾಲ್ಕರ ತನಕ ಅಂಕಿ, ನಡುವೆ ಬೆರಳುದ್ದದ ಕಡ್ಡಿ. ಮಾವಿನ ಸಸಿಗೆ ಬಂದವರಿಗೂ ತೋರಿಸಿದಳು, ಚಿಕ್ಕು ಕೇಳಿಕೊಂಡು ಬಂದವರಿಗೂ ತೋರಿಸಿದಳು. ಕೆಲವರು ನಕ್ಕರು. ಒಬ್ಬ ಇದು ಹಳೆಯ ರೇಡಿಯೋದ್ದು ಎಂದ, ಇನ್ನೊಬ್ಬ ಗೋಕಾಕ ಫಾಲ್ಸಿನ ಗಿರಣಿಯ ಯಂತ್ರದ್ದಿರಬಹುದು ಎಂದ. ಅಲ್ಲಿಗೂ ಹೋಗಿ ನಿವೃತ್ತರಾದ ಇಬ್ಬರನ್ನು ಕೇಳಿ ಬರಿಗೈಲಿ ಬಂದಳು. ಮಳೆಗಾಲ ಮುಗಿದು ಚಳಿ ಬಿತ್ತು. ಶೆಡ್ಡಿನಲ್ಲಿ ಗಾಡಿಗೆ ಬಣ್ಣ ಬಂತು, ಸೀಟು ಬಂತು, ಎಂಜಿನ್ ಗುರುಗುಟ್ಟಿತು. ಆದರೆ ಗೇರು ಬೀಳದೆ ನಿಂತಲ್ಲೇ ನಿಂತಿತ್ತು. ಫೋನು ಮಾತ್ರ ನಡೆದೇ ಇತ್ತು.

ಕೊನೆಗೆ ಮೂಡಲಗಿಯಿಂದ ನಿಂಬೆ ಸಸಿಗೆ ಬಂದ ಉದ್ದಪ್ಪ ಎಂಬ ರೈತ ಚಿತ್ರ ನೋಡಿ ಹುಬ್ಬು ಗಂಟಿಕ್ಕಿದ. "ಅಕ್ಕಾರ, ಇದು ನಮ್ಮ ಮನಿಯಾಗ ಐತೆಲ್ರಿ."

"ಇದ? ಮನಿಯಾಗ ಏನ್ ಮಾಡ್ತೈತಿ?"

"ಹಿಟ್ಟಿನ ಗಿರಣಿ ಇಂಜಿನಕ್ಕ ಬಡದೈತ್ರಿ. ನಮ್ಮ ಮುತ್ಯಾನ ಕಾಲದ್ದು."

ಸರಿತಾ ಆ ದಿನವೇ ಅರ್ಧ ರಜೆ ಹಾಕಿ ಅವನ ಹಿಂದೆ ಮೂಡಲಗಿಗೆ ಹೋದಳು. ಗಿರಣಿ ಈಗ ಕರೆಂಟಿನಲ್ಲಿ ನಡೆಯುತ್ತದೆ. ಹಿಂದಿನ ಖೋಲಿಯಲ್ಲಿ ಎಣ್ಣೆಯ ಹಳೆಯ ಇಂಜಿನು ತಾಡಪತ್ರಿ ಹೊದ್ದು ಕೂತಿತ್ತು. ಉದ್ದಪ್ಪ ಅದನ್ನು ಸರಿಸಿದ. ವೇಗ ಹೆಚ್ಚುಕಡಿಮೆ ಮಾಡುವ ತಂತಿಯ ತುದಿಗೆ, ಹಿಟ್ಟಿನ ಧೂಳು ಹೆಪ್ಪುಗಟ್ಟಿದ ಹಿತ್ತಾಳೆಯ ಅರ್ಧಚಂದ್ರ. ಸರಿತಾ ಸೆರಗಿನಿಂದ ಒರೆಸಿದಳು. ಅಂಕಿಗಳು ಒಂದೊಂದಾಗಿ ಮೇಲೆ ಬಂದವು.

"ಸಿಕ್ತೇನವಾ?" ಎಂದು ಕೇಳಿದವಳು ಉದ್ದಪ್ಪನ ತಾಯಿ ಉದ್ದವ್ವ. ಕೋಲೂರಿಕೊಂಡು ಬಂದು ಹಿಟ್ಟಿನ ಚೀಲದ ಮೇಲೆ ಕೂತಳು. "ಅದರ ಕಥಿ ಗೊತ್ತೈತೇನ್ ನಿನಗ?"

ಗಂಡನೂ ನೇತ್ರಾಳೂ ಸೇರಿ ಗಾಡಿಯ ಇತಿಹಾಸವನ್ನು ಒಂದು ಬಗೆಯಲ್ಲಿ ಜೋಡಿಸಿಕೊಂಡಿದ್ದರು. ಮುಂಬೈಯ ಏಜೆಂಟರು ಅಂಗಡಿ ಮುಚ್ಚಿದ್ದರಿಂದ ಬಿಡಿಭಾಗ ಸಿಗದೆ ಗಾಡಿ ನಿಂತಿರಬೇಕು, ಹಿಡಿಕೆಯನ್ನು ಯಾರೋ ಗುಜರಿಗೆ ಮಾರಿರಬೇಕು ಎಂದು. ಉದ್ದವ್ವ ಹೇಳಿದ್ದು ಬೇರೆ.

"ಧುಪದಾಳದ ಕಡೆ ವಾಡೇದ ದೇಸಾಯರಿಗೆ ಇಬ್ಬರ ಹೆಂಡರು. ಗಾಡಿ ತಂದಿದ್ದ ಕಿರೇಕಿ ಸಲುವಾಗಿ. ಫಾಲ್ಸಿನ ನೀರ ನೋಡಾಕ ಆಕೀನ್ನ ಕೂಡಿಸ್ಕೊಂಡ ಹೋಗಾವರು. ಹಿರೇ ಬಾಯಿಸಾಹೇಬರು ಸಾಯೂತನಾ ಆ ಗಾಡಿ ಹತ್ತಲಿಲ್ಲ, ಆಕಿಗೆ ಎತ್ತಿನ ಚಕ್ಕಡಿನ. ನಮ್ಮ ಮಾವ ವಾಡೇದ ಇಂಜಿನಾ ರಿಪೇರಿ ಮಾಡಾಕ ಹೋಗ್ತಿದ್ದ. ಒಂದಿನ ದೇಸಾಯರು ಊರಾಗಿಲ್ಲದಾಗ ಹಿರೇಕಿ ಕರದು ಹೇಳಿದಳಂತ, ಯಾವುದ ಒಂದ ಬಿಚ್ಚಿದ್ರ ಆ ಗಾಡಿ ನಡಿಯಂಗಿಲ್ಲೋ ಅದನ್ನ ಬಿಚ್ಕೊಂಡ ಹೋಗು, ಮತ್ತ ತರಬ್ಯಾಡ ಅಂತ. ಒಡತಿ ಮಾತು, ಇಲ್ಲನ್ನಾಕ ಬರ್ತೈತೇನು? ತಂದ ಇಲ್ಲೆ ಬಡದ. ನಮ್ಮತ್ತಿ ನನಗ ಹೇಳಿದ್ದಿದು, ನಾ ಸೊಸಿಯಾಗಿ ಬಂದಾಗ."

ಸರಿತಾ ತನಗೇ ತಿಳಿಯದಂತೆ ಹಿರಿಯವಳ ಪಕ್ಷ ಹಿಡಿದಿದ್ದಳು. "ಗಾಡಿ ನಿಂತ ಮ್ಯಾಲ ಆಕಿಗೆ ಸಮಾಧಾನ ಆತೇನ್ರಿ?"

ಉದ್ದವ್ವ ಬಾಯಿ ತುಂಬ ನಕ್ಕಳು. "ಎಲ್ಲೀ ಸಮಾಧಾನ ನಮ್ಮವ್ವ! ಗಾಡಿ ಇಲ್ಲಂದ ಮ್ಯಾಲ ಕಿರೇಕಿ ನಡಕೊಂತ ಹೊಳೀತನಾ ಹೋಗಾಕ ಹತ್ತಿದಳು, ದೇಸಾಯರೂ ಆಕಿ ಸಂಗಾಟ ನಡಕೊಂತ. ಗಾಡ್ಯಾಗ ಗದ್ದಲಾ, ಮಾತ ಕೇಳಸ್ತಿದ್ದಿಲ್ಲ. ನಡಕೊಂತ ಹೋದ್ರ ಹಾದಿ ತುಂಬ ಮಾತ. ಹಿರೇಕಿ ಮಾಳಿಗಿ ಮ್ಯಾಲ ನಿಂತ ನೋಡಾಕಿ."

ಹಿಡಿಕೆಗೆ ಬದಲಾಗಿ ಉದ್ದವ್ವ ಕೇಳಿದ್ದು ಕಸಿ ಮಾವಿನ ಸಸಿಗಳನ್ನು, ಅದೂ ಸರಿತಾ ತನ್ನ ಕೈಯಾರೆ ಕಟ್ಟಿದವು ಆಗಬೇಕು. ಸರಿತಾ ಒಪ್ಪಿದಳು. ವಾಪಸು ಬರುವ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೈ ಎತ್ತದೆ ಕೂತಳು. ಮಾಳಿಗೆಯ ಮೇಲೆ ನಿಂತ ಹೆಂಗಸು ಮನಸ್ಸಿನಿಂದ ಹೋಗುತ್ತಿರಲಿಲ್ಲ.

ಶಿವಪುತ್ರ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಅವಳು ಹಿಡಿಕೆಯನ್ನು ಊಟದ ಮೇಜಿನ ಮೇಲೆ, ಒಗೆದ ಬಟ್ಟೆಯೊಂದರ ಮೇಲೆ ಇಟ್ಟಳು. ಅವನು ಒರೆಸಿಕೊಳ್ಳುತ್ತ ಬಂದ. ನೋಡಿದ. ಟವೆಲು ಕೆಳಗೆ ಬಿತ್ತು. ಅವಳು ಊಹಿಸಿದ್ದ ಮುಖವೇ ಬಂತು. ಕಣ್ಣು ಅಗಲವಾದವು, ತುಟಿ ಅದುರಿತು. "ಎಲ್ಲೆ... ಇದು ಹೆಂಗ..." ಎಂದು ಅದನ್ನು ಎತ್ತಿ ಬೆಳಕಿಗೆ ಹಿಡಿದ.

"ಮೂಡಲಗ್ಯಾಗ ಸಿಕ್ತು," ಎಂದಳು ಸರಿತಾ. "ಕೇಳ್ರಿ ಇಲ್ಲೆ, ಅದರ ಕಥಿ..."

"ತಡಿ ತಡಿ, ನೇತ್ರಾ ಅವರಿಗೆ ತೋರಸ್ತೇನಿ ಮೊದಲ."

ಅವನು ಆಗಲೇ ವಿಡಿಯೋ ಕಾಲ್ ಒತ್ತಿದ್ದ. ಫೋನಿನಲ್ಲಿ ನೇತ್ರಾಳ ಮುಖ ಮೂಡಿತು. ಅವಳು ಬಾಯಿಗೆ ಕೈ ಇಟ್ಟುಕೊಂಡಳು. ಅವನು ಮಗುವಿನಂತೆ ನಕ್ಕ. "ಖರೇ ಅದ ಐತ್ರಿ! ಅಂಕಿ ನೋಡ್ರಿ, ಅಂಚ ನೋಡ್ರಿ!"

"ಯಾರ ಹುಡುಕಿದ್ರು?" ನೇತ್ರಾಳ ದನಿ ಕೇಳಿಸಿತು.

"ನಮಗ ಮೂಡಲಗ್ಯಾಗ ಸಿಕ್ತ್ರಿ," ಎಂದ ಶಿವಪುತ್ರ.

ನಮಗೆ. ಸರಿತಾ ಮೇಜಿನ ಆಚೆ ನಿಂತಿದ್ದಳು. ಅವನು ಅವಳತ್ತ ಬೆನ್ನು ಮಾಡಿ ದೀಪದ ಕೆಳಗೆ ಹೋಗಿದ್ದ. ಮಾತು ಮುಗಿದು ಅವನು ತಿರುಗಿದಾಗ ಅವಳು ಕೈ ಚಾಚಿ ಹಿಡಿಕೆಯನ್ನು ತೆಗೆದುಕೊಂಡಳು. ನೋಡಲು ಕೇಳುತ್ತಿದ್ದಾಳೆಂದು ಅವನು ಕೊಟ್ಟ. ಅವಳು ಬಟ್ಟೆಯಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಯಾಕ? ಎಲ್ಲೆ ಇಡ್ತಿ?"

"ನನ್ನ ಕಡೆ. ಇದು ನಂದು."

"ಏನ್ ಮಾತಿದು ಸರಿತಾ? ಗಾಡಿದಲ್ಲೇನದು?"

"ಗಾಡಿ ನಿಮ್ಮದು. ಇದನ್ನ ನಾ ತಂದೇನಿ. ಕೊಡೂದಿಲ್ಲ."

ಅವನು ಮೊದಲು ನಕ್ಕ, ಆಮೇಲೆ ರೇಗಿದ, ಆಮೇಲೆ ಗೋಗರೆದ. ಅವಳು ಒಂದಕ್ಕೂ ಜಗ್ಗಲಿಲ್ಲ. ಮರುದಿನ ಹಿಡಿಕೆ ಅವಳ ಬುತ್ತಿಯ ಚೀಲದಲ್ಲೇ ಅರಭಾವಿಗೆ ಹೋಗಿ ಬಂತು. ಅದರ ಮರುದಿನವೂ ಹಾಗೇ. ಕದ್ದು ಬಚ್ಚಿಡಲಿಲ್ಲ, ಅವನ ಕಣ್ಣೆದುರಿಗೇ ಹೊತ್ತುಕೊಂಡು ತಿರುಗಿದಳು. ಮನೆಯಲ್ಲಿ ಮಾತು ನಿಂತಿತು. ಅವನು ಹಿತ್ತಲಿಗೆ ಹೋಗಿ ಮೆಲುದನಿಯಲ್ಲಿ ಫೋನ್ ಮಾಡುವುದು ಹೆಚ್ಚಾಯಿತು. ಮಾಳಿಗೆಯ ಮೇಲೆ ನಿಂತು ನೋಡುವುದೆಂದರೆ ಇದೇ ಎಂದು ಸರಿತಾಳಿಗೆ ಅನ್ನಿಸಿತು. ಗಾಡಿ ನಿಲ್ಲಿಸಿದರೆ ಇವರು ನಡೆದುಕೊಂಡು ಹೋಗುತ್ತಾರೆ, ಇನ್ನೂ ಹತ್ತಿರವಾಗುತ್ತಾರೆ.

ಶನಿವಾರ ಮಧ್ಯಾಹ್ನ ಅವಳು ಹುಕ್ಕೇರಿಯ ಬಸ್ಸು ಹತ್ತಿದಳು.

ನೇತ್ರಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. 'ಅಣ್ಣಾಸಾಹೇಬರ ಗ್ಯಾರೇಜು' ಎಂದರೆ ಈಗಲೂ ಜನ ಕೈ ತೋರಿಸುತ್ತಿದ್ದರು. ಬಾಗಿಲು ತೆಗೆದವಳು ತಾಯಿ ಸೀತವ್ವ. "ಬಾರವಾ, ಒಳಗ ಬಾ" ಎಂದು ನೀರು ಕೊಟ್ಟು ಮಗಳನ್ನು ಕೂಗಿದಳು. ಮನೆಯ ಪಕ್ಕಕ್ಕೆ ಉದ್ದನೆಯ ಶೆಡ್ಡು, ನೆಲದಲ್ಲಿ ಎಣ್ಣೆಯ ಕಲೆ. ಗಾಡಿಯೊಂದೂ ಇರಲಿಲ್ಲ. ಬಟ್ಟೆ ಒಣಗಿಸುವ ಹಗ್ಗಗಳು ಮಾತ್ರ ಅಡ್ಡಡ್ಡ ಕಟ್ಟಿದ್ದವು.

ನೇತ್ರಾ ಕೈಯಲ್ಲಿ ಕೆಂಪು ಪೆನ್ನು ಹಿಡಿದೇ ಹೊರಗೆ ಬಂದಳು. ಸರಿತಾಳನ್ನು ನೋಡಿ ಅವಳ ಮುಖ ಒಂದು ಕ್ಷಣ ಬಿಳಿಚಿತು. ಸರಿತಾ ಅದನ್ನು ಗಮನಿಸದೆ ಬಿಡಲಿಲ್ಲ.

"ನಾ ಸುತ್ತ ಬಳಸಿ ಮಾತಾಡಾಕ ಬಂದಿಲ್ಲ. ನಮ್ಮವರ ಕಡಿಂದ ನಿಮಗೇನ ಬೇಕಾಗೇತಿ, ಹೇಳಿಬಿಡ್ರಿ."

ನೇತ್ರಾ ತಾಯಿಯತ್ತ ನೋಡಿದಳು. ಸೀತವ್ವ ಒಳಗೆ ಹೋದಳು. ಇಬ್ಬರೂ ಶೆಡ್ಡಿನಲ್ಲಿ ನಿಂತರು.

"ನಿಮ್ಮವರು ಅಲ್ಲ," ಎಂದಳು ನೇತ್ರಾ ಕೊನೆಗೆ. "ಗಾಡಿ. ನನಗ ಆ ಗಾಡಿ ಬೇಕಾಗಿತ್ತು. ಇಲ್ಲೆ ನಿಂತಿತ್ತ ನೋಡ್ರಿ ನಮ್ಮಪ್ಪನ ಡೈಮ್ಲರ್ ಕಾರು, ಅದ ಥರದ ಗೇರು. ನನಗ ಓಡಸಾಕ ಅಪ್ಪ ಕಲಿಸಿದ್ದ ಅದರಾಗ. ಅಪ್ಪ ಹೋದ ಮ್ಯಾಲ ನಮ್ಮಣ್ಣ ನನ್ನ ಒಂದ ಮಾತ ಕೇಳದ ಕೊಲ್ಲಾಪುರದವರಿಗೆ ಕೊಟ್ಟ. ಧುಪದಾಳದ ಕಡೆ ವಾಡೇದಾಗ ಒಂದ ಲ್ಯಾಂಚೆಸ್ಟರ್ ಐತಿ ಅಂತ ಅಪ್ಪ ಹೇಳ್ತಿದ್ದ. ನಾ ಎಷ್ಟ ವಾಡೇ ತಿರಗೇನಿ! ಆಮ್ಯಾಲ ಒಂದಿನ ಫೋನ ತಗೀತೇನಿ, ನಿಮ್ಮವರು ಅದರ ಮುಂದ ನಿಂತ ಫೋಟೋ ಹಾಕ್ಯಾರ. ಅವತ್ತ ನನಗ ಅನ್ನ ಸೇರಲಿಲ್ಲ."

ನೇತ್ರಾಳ ಮಾತಿನಲ್ಲಿ ಹೊಟ್ಟೆಕಿಚ್ಚಿಗೆ ಬೆಂದ ವಾಸನೆ ಇತ್ತು. ಆ ವಾಸನೆ ಸರಿತಾಳಿಗೆ ಚೆನ್ನಾಗಿ ಪರಿಚಯ.

"ಹಿಡಿಕಿ ಸಿಗದ ಇರಲಿ ಅಂತ ನಾ ಅಂದ್ಕೋತಿದ್ದೆ, ವೈನಿ. ಒಂದಿನ ಬ್ಯಾಸತ್ತ ಮಾರತಾರ, ನಾ ತಗೊಂಡರಾತು ಅಂತ. ಹುಡುಕಾಕ ಸಹಾಯಾನೂ ಮಾಡ್ತಿದ್ದೆ, ಒಳಗ ಹಿಂಗೂ ಇತ್ತು."

"ಅಷ್ಟ ಏನು?" ಸರಿತಾ ಕೇಳಿದಳು. "ಗಾಡಿ ಅಷ್ಟ ಆಗಿದ್ರ, ಊಟ ಆತ್ರಿ ಅಂತ ಯಾಕ ಕೇಳ್ತೀರಿ?"

ನೇತ್ರಾ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. "ಗಾಡಿ ಬಗ್ಗೆ ನನ್ನ ಜೋಡಿ ಮಾತಾಡೋರು ಅಪ್ಪ ಹೋದ ಮ್ಯಾಲ ಯಾರೂ ಇದ್ದಿಲ್ಲ. ಫೋನ ಬಂದ್ರ ಖುಷಿ ಆಗ್ತಿತ್ತು. ಅದೂ ಖರೆ. ಸುಳ್ಳ ಯಾಕ ಹೇಳ್ಲಿ?"

ಈ ಉತ್ತರ ಸರಿತಾಳಿಗೆ ಸಮಾಧಾನ ಕೊಡಲಿಲ್ಲ. ಪೂರ್ತಿ ಸುಳ್ಳಾಗಿದ್ದರೆ ಬೈಯಬಹುದಿತ್ತು, ಪೂರ್ತಿ ನಿರ್ದೋಷಿಯಾಗಿದ್ದರೆ ಕ್ಷಮೆ ಕೇಳಬಹುದಿತ್ತು. ಎರಡೂ ಅಲ್ಲದ ಈ ಹೆಂಗಸು ಎಣ್ಣೆ ಕಲೆಯ ನೆಲದ ಮೇಲೆ ನೇರವಾಗಿ ನಿಂತಿದ್ದಳು. ಅವಳನ್ನು ನೋಡುತ್ತ ಸರಿತಾಳಿಗೆ ಒಂದು ತಿಳಿಯಿತು. ಗಂಡ ಅವಳ ಜೊತೆ ಮಾತಾಡುವುದಷ್ಟೇ ತನ್ನನ್ನು ಸುಡುತ್ತಿರಲಿಲ್ಲ. ಇವಳು ಯಾರನ್ನೂ ಕೇಳದೆ ಗಾಡಿಯ ಕೆಳಗೆ ಮಲಗಿದಳಲ್ಲ, ಇವಳಿಗೆ ತಿಳಿಯುವುದಿಲ್ಲ ಎಂದು ಯಾರೂ ಅನ್ನಲಿಲ್ಲವಲ್ಲ, ಅದು ಸುಟ್ಟಿತ್ತು.

ಅವಳು ಚೀಲದಿಂದ ಹಿಡಿಕೆ ತೆಗೆದಳು. ನೇತ್ರಾಳ ಕೈ ತಾನಾಗಿ ಮುಂದೆ ಬಂತು, ಅರ್ಧದಲ್ಲಿ ನಿಂತಿತು.

"ನೀವ ಹುಡುಕಿದ್ರ?" ನೇತ್ರಾ ಮೆಲ್ಲಗೆ ಕೇಳಿದಳು. "ಒಬ್ಬರ?"

"ನಾನ. ಹಿಟ್ಟಿನ ಗಿರಣ್ಯಾಗ ಇತ್ತು."

"ಗಿರಣಿ! ಊರೂರ ಗುಜರಿ ಹುಡಿಕೇನಿ, ಒಂದ ಗಿರಣ್ಯಾಗ ಹೊಕ್ಕ ನೋಡಬೇಕಂತ ನನಗ ಹೊಳೀಲಿಲ್ಲ ನೋಡ್ರಿ." ಅವಳ ಕಣ್ಣಲ್ಲಿ ಮತ್ಸರ ಎದ್ದು ಕಾಣುತ್ತಿತ್ತು. ಅದನ್ನು ನೋಡಿ ಸರಿತಾಳಿಗೆ, ತಿಂಗಳುಗಳ ಮೇಲೆ ಮೊದಲ ಸಲ, ಒಳಗೆ ತಂಪಾಯಿತು. ಹಾಗೆ ತಂಪಾದದ್ದಕ್ಕೆ ಅವಳು ನಾಚಿಕೊಳ್ಳಲಿಲ್ಲ.

"ಇದನ್ನ ಹೆಂಗ ಕೂಡಸ್ತಾರ, ನನಗ ಹೇಳಿಕೊಡ್ರಿ," ಎಂದಳು. "ಅವರಿಗಲ್ಲ. ನನಗ."

ಸಂಜೆಯ ತನಕ ನೇತ್ರಾ ಹೇಳಿಕೊಟ್ಟಳು. ನಟ್ಟು ಬಿಚ್ಚುವ ತಂದೆಯ ಹಳೆಯ ಪಾನಾಗಳನ್ನು ತಂದು, ಒಂದು ಕೊಳವೆಗೆ ತಟ್ಟೆ ಜೋಡಿಸಿ ಬಿಚ್ಚಿ, ಮತ್ತೆ ಸರಿತಾಳ ಕೈಯಿಂದಲೇ ಜೋಡಿಸಿದಳು. "ಮೊದಲ ಇಲ್ಲೆ ಗೇರ ಆರಿಸ್ಕೊಳ್ಳೂದು. ಆರಿಸ್ಕೊಂಡ್ರ ಏನೂ ಆಗೂದಿಲ್ಲ. ಎಡಗಾಲ ಕಡೆ ಇರೂದು ಕ್ಲಚ್ ಅಲ್ಲ, ಗೇರಿನ ಪೆಡಲ್; ಅದನ್ನ ಒತ್ತಿ ಬಿಟ್ಟಾಗ ಗೇರ ಬೀಳೂದು." ಎರಡು ಸಲ ತಪ್ಪಿದಾಗ ನೇತ್ರಾ ಶಾಲೆಯ ಟೀಚರಿನಂತೆ ಗದರಿದಳು. ಸರಿತಾಳಿಗೆ ಕೋಪ ಬರಲಿಲ್ಲ. ದೇಸಾಯರ ಇಬ್ಬರು ಹೆಂಡಿರ ಕಥೆಯನ್ನು ಅವಳು ಮೊದಲು ಹೇಳಿದ್ದು ಆ ಶೆಡ್ಡಿನಲ್ಲೇ. ಗಂಡನಿಗೆ ಇನ್ನೂ ಹೇಳಿರಲಿಲ್ಲ.

ಮನೆಗೆ ಬಂದು ಅವಳು ಶಿವಪುತ್ರನಿಗೆ ನೇರವಾಗಿ ಹೇಳಿದಳು: "ಹುಕ್ಕೇರಿಗೆ ಹೋಗಿದ್ದೆ. ಹಿಡಿಕಿ ನಾಳೆ ನಾನ ಕೂಡಸ್ತೇನಿ. ನೀವು ಬ್ಯಾಟರಿ ಬೆಳಕ ಹಿಡೀರಿ."

ಏನೇನೋ ಕೇಳುವುದಿತ್ತು ಅವನಿಗೆ, ಮುಖದಲ್ಲಿ ಕಾಣುತ್ತಿತ್ತು. "ನೇತ್ರಾ ಅವರು ಏನಂದ್ರು?" ಎಂದಷ್ಟೇ ಕೇಳಿದ.

"ಅಂದಿದ್ದನ್ನ ನನಗ ಅಂದ್ರು," ಎಂದಳು. ಅವನ ಮುಖ ಸಪ್ಪಗಾಯಿತು. ಅವಳಿಗೆ ಪಾಪ ಎನಿಸಿತು, ಆದರೂ ಬಿಡಿಸಿ ಹೇಳಲಿಲ್ಲ.

ಮರುದಿನ ಅವನು ದೀಪ ಹಿಡಿದ, ಅವಳು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಮಲಗಿ ಹಿಡಿಕೆ ಜೋಡಿಸಿದಳು. ಬೆರಳು ಸೀಳಿ ರಕ್ತ ಬಂತು. ಅವನು ಪಾನಾ ಕಸಿದುಕೊಳ್ಳಲು ಬಗ್ಗಿದಾಗ "ಕೈ ತಗೀರಿ" ಎಂದಳು. ಕೊನೆಯ ಸ್ಕ್ರೂ ಬಿಗಿಯಾದಾಗ ಅವನು ಅವಳ ಕೆನ್ನೆಯ ಗ್ರೀಸನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ. "ನೀ ಹುಡುಕಿದ್ದು ನಾ ಅವತ್ತ ಹೇಳಬೇಕಾಗಿತ್ತು," ಎಂದ. ಅವಳು ಹೂಂ ಅಂದಳು, ಅಷ್ಟೇ. ಆಮೇಲೆ ಮೂಡಲಗಿಯ ಕಥೆಯನ್ನು ಅಲ್ಲಿಯೇ ಕೂತು ಹೇಳಿದಳು. ಹಿರಿಯ ಬಾಯಿಸಾಹೇಬರ ಮಾತು ಬಂದಾಗ ಅವನು ತಲೆ ತಗ್ಗಿಸಿ ಕೈಯಲ್ಲಿದ್ದ ನಟ್ಟನ್ನು ತಿರುಗಿಸುತ್ತ ಕೂತ.

ಗಾಡಿಯನ್ನು ರಸ್ತೆಗೆ ಇಳಿಸಿದ್ದು ಸಂಕ್ರಾಂತಿ ಕಳೆದ ಮೇಲೆ. ನೇತ್ರಾಳನ್ನು ಕರೆದದ್ದು ಸರಿತಾಳೇ. ಆ ಗೇರಿನ ಗಾಡಿಯನ್ನು ಓಡಿಸಿ ಗೊತ್ತಿದ್ದವಳು ಅವಳೊಬ್ಬಳೇ. ಕಾಲುವೆಯ ಪಕ್ಕದ ಹಾದಿಯಲ್ಲಿ ಬೆಳಗಿನ ಹೊತ್ತು ವಾಹನಗಳಿರುವುದಿಲ್ಲವೆಂದು ಧುಪದಾಳದ ಕಡೆ ಹೊರಟರು. ನೇತ್ರಾ ಚಾಲಕಿಯ ಜಾಗದಲ್ಲಿ, ಬಾಜೂಕ್ಕೆ ಸರಿತಾ, ಹಿಂದೆ ಶಿವಪುತ್ರ.

ನೇತ್ರಾ ಓಡಿಸುವುದನ್ನು ನೋಡಬೇಕಿತ್ತು. ಬೆರಳ ತುದಿಯಿಂದ ಹಿಡಿಕೆಯನ್ನು ಸರಿಸಿ, ಪೆಡಲ್ ಒತ್ತಿ ಬಿಟ್ಟರೆ ಗಾಡಿ ಉಸಿರೆಳೆದುಕೊಂಡು ಮುಂದೆ ಹೋಗುತ್ತಿತ್ತು. ಕಬ್ಬಿನ ಗದ್ದೆಯವರು ಕುಡುಗೋಲು ಕೆಳಗಿಟ್ಟು ನೋಡಿದರು. ನೇತ್ರಾಳ ಕಣ್ಣು ತುಂಬಿದ್ದವು, ಅವಳು ಒರೆಸಿಕೊಳ್ಳಲಿಲ್ಲ. ಸರಿತಾ ಮೇಲಿನ ಸಣ್ಣ ಕನ್ನಡಿಯಲ್ಲಿ ಗಂಡನನ್ನು ನೋಡಿದಳು. ಅವನು ನೋಡುತ್ತಿದ್ದದ್ದು ಹಾದಿಯನ್ನೋ, ಹಿಡಿಕೆಯನ್ನೋ, ಹಿಡಿಕೆಯ ಮೇಲಿನ ಬೆರಳುಗಳನ್ನೋ? ಗೊತ್ತಾಗಲಿಲ್ಲ. ಅವಳು ಕನ್ನಡಿಯಿಂದ ಕಣ್ಣು ತೆಗೆದು ನೇತ್ರಾಳ ಎಡಗಾಲನ್ನೇ ನೋಡತೊಡಗಿದಳು.

ಒಡ್ಡಿನ ಹತ್ತಿರ ನೇತ್ರಾ ನಿಲ್ಲಿಸಿದಳು. "ಈಗ ನೀವು," ಎಂದು ಇಳಿದು ಬಾಗಿಲು ಹಿಡಿದಳು.

"ಆಕಿಗೇನ ಬರ್ತೈ..." ಎಂದು ಶಿವಪುತ್ರ ಶುರು ಮಾಡಿ ತಾನೇ ನಿಲ್ಲಿಸಿದ.

ಸರಿತಾ ಜಾಗ ಬದಲಿಸಿ ಕೂತಳು. ಹಿಡಿಕೆಯನ್ನು ಒಂದರ ಮೇಲೆ ಇಟ್ಟಳು. ಎಡಗಾಲು ಒತ್ತಿ ಬಿಟ್ಟಳು, ಬಲಗಾಲು ಮೆಲ್ಲಗೆ ಊರಿದಳು. ನೇತ್ರಾ ಗಾಡಿಯ ಹಿಂದಿನಿಂದ ಸುತ್ತಿಕೊಂಡು ಆ ಕಡೆಯ ಬಾಗಿಲಿಗೆ ಬರುವುದರೊಳಗೆ ಗಾಡಿ ಹೊರಟುಬಿಟ್ಟಿತ್ತು.

"ಏ, ನೇತ್ರಾ ಅವರು ಅಲ್ಲೇ ಉಳದ್ರು! ನಿಲ್ಸ ಸರಿತಾ!"

"ನಿಲ್ಸೂದು ನನಗ ಇನ್ನೂ ಸರಿ ಬರೂದಿಲ್ರಿ," ಎಂದಳು ಸರಿತಾ.

ಹುಕ್ಕೇರಿಯಲ್ಲಿ ಕಲಿತದ್ದನ್ನು ಶೆಡ್ಡಿನಲ್ಲಿ ನಿಂತ ಗಾಡಿಯಲ್ಲೇ ಎಷ್ಟೋ ಸಂಜೆ ಒತ್ತಿ ನೋಡಿದ್ದಳು; ಬ್ರೇಕು ಎಲ್ಲಿದೆ ಎಂದು ಅವಳ ಕಾಲಿಗೆ ಚೆನ್ನಾಗಿ ಗೊತ್ತಿತ್ತು. ಎರಡಕ್ಕೆ ಹಿಡಿಕೆ ಸರಿಸಿ ಪೆಡಲ್ ಒತ್ತಿ ಬಿಟ್ಟಳು. ಕಾಲುವೆಯ ನೀರು ಪಕ್ಕದಲ್ಲೇ ಓಡಿ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಗಂಡ ಎರಡೂ ಕೈಯಿಂದ ಮುಂದಿನ ಸೀಟು ಹಿಡಿದು, ಅವಳ ಕಿವಿಯ ಹತ್ತಿರ ಬಾಗಿ, "ಮೆಲ್ಲಕ, ಮೆಲ್ಲಕ" ಎನ್ನುತ್ತಿದ್ದ. ಅವನ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಕನ್ನಡಿಯಲ್ಲಿ ನೇತ್ರಾ ಹಾದಿಯ ನಡುವೆ ಸೊಂಟದ ಮೇಲೆ ಕೈ ಇಟ್ಟು ನಿಂತವಳು ಸಣ್ಣಗಾಗುತ್ತ ಹೋದಳು. ಸರಿತಾ ಕಾಲುವೆಯ ಮುಂದಿನ ಸೇತುವೆಯ ತನಕ ಬಿಟ್ಟಳು. ಅಲ್ಲಿ ನಿಲ್ಲಿಸಿದಳು, ನೆಟ್ಟಗೆ, ಒಂದು ಜೋಲಿಯೂ ಹೊಡೆಸದೆ.

ನೇತ್ರಾ ನಡೆದುಕೊಂಡು ಬರಲು ಸಾಕಷ್ಟು ಹೊತ್ತು ಹಿಡಿಯಿತು. ಚಪ್ಪಲಿಯ ಮೇಲೆಲ್ಲ ಧೂಳು. ಹತ್ತಿರ ಬಂದವಳು ಕಿಟಕಿಗೆ ಬಗ್ಗಿ ಸರಿತಾಳ ಮುಖವನ್ನೇ ನೋಡಿದಳು. ನಗಲಿಲ್ಲ.

"ನಿಮ್ಮ ಜಾಗಾದಾಗ ನಾ ಇದ್ರ, ಸೀದಾ ಘಟಪ್ರಭಾ ಸ್ಟೇಶನ್ ತನಾ ಹೋಗ್ತಿದ್ದೆ," ಎಂದಳು.

"ಮುಂದಿನ ಸಲ ಹೋಗ್ತೇನಿ," ಎಂದಳು ಸರಿತಾ. ನೇತ್ರಾ ಮುಂದಿನ ಬಾಗಿಲಿಗೆ ಕೈ ಹಾಕುವ ಮೊದಲೇ ಅವಳು ಹಿಂದಕ್ಕೆ ತಿರುಗಿ, "ರೀ, ನೀವು ಮುಂದ ಬಂದ ಕುಂದರ್ರಿ. ಅವರು ನಡದ ದಣದಾರ, ಹಿಂದ ಆರಾಮ ಕುಂದರಲಿ," ಎಂದಳು.